ಕೈಯಾರೆ ಮಾಡುವ ಮದುವೆ: ಮನೆಯಲ್ಲಿ ಏನು, ಕಸುಬಿನವರಿಂದ ಏನು, ಡೆಕೊರೇಟರ್‌ಗೆ ಏನು

ಮದುವೆ ನಿಶ್ಚಯವಾದ ಮನೆಗಳಲ್ಲಿ ಈಚೆಗೆ ಒಂದೇ ಬಗೆಯ ಗೊಂದಲ. ಎಲ್ಲರ ಮನೆಗೂ ಬರುವ ಅದೇ ಗಣಪತಿ, ಅದೇ ಚಿನ್ನದಂಚಿನ ಲಗ್ನಪತ್ರಿಕೆ ಬೇಡ. ಛತ್ರದವರು ವಾರಕ್ಕೆ ಮೂರು ಸಲ ಬಿಚ್ಚಿ ಕಟ್ಟುವ ಪ್ಲಾಸ್ಟಿಕ್ ಹೂವಿನ ಮಂಟಪ ಬೇಡ. ತಾಂಬೂಲದ ಜೊತೆ ಕೊಡುವ ಸ್ಟೀಲ್ ಬಟ್ಟಲಂತೂ ಬೇಡವೇ ಬೇಡ, ಒಬ್ಬೊಬ್ಬರ ಮನೆಯ ಅಟ್ಟದಲ್ಲೂ ಅವು ಡಜನ್‌ಗಟ್ಟಲೆ ಬಿದ್ದಿವೆ. ಕೈಯಿಂದ ಮಾಡಿದ್ದು ಇರಬೇಕು, ನೋಡಿದವರಿಗೆ ಇದು ಇವರದೇ ಮನೆಯ ಮದುವೆ ಅನ್ನಿಸಬೇಕು. ಇಷ್ಟರವರೆಗೆ ಹುಡುಗ, ಹುಡುಗಿ, ಬೀಗರು ಎಲ್ಲರದೂ ಒಂದೇ ಮಾತು. ತಲೆಬಿಸಿ ಶುರುವಾಗುವುದು ಆಮೇಲೆ: ಇದನ್ನೆಲ್ಲ ಮನೆಮಂದಿಯೇ ಕೂತು ಮಾಡುವುದಾ, ಚನ್ನಪಟ್ಟಣ, ಇಳಕಲ್ ಅಂತ ಕಸುಬಿನವರ ಊರಿಗೇ ಹೋಗಿ ಮಾಡಿಸುವುದಾ, ಇಲ್ಲ ‘ಟ್ರೆಡಿಷನಲ್ ಥೀಮ್’ ಎಂದು ಆಲ್ಬಂ ತೋರಿಸುವ ಡೆಕೊರೇಟರ್‌ಗೆ ಒಂದೇ ಮೊತ್ತಕ್ಕೆ ಒಪ್ಪಿಸಿಬಿಡುವುದಾ?

ಮೂರೂ ದಾರಿ ಸರಿಯೇ. ಮೂರನ್ನೂ ಒಂದೇ ಮದುವೆಯಲ್ಲಿ ಬಳಸಬಹುದು. ಎಡವುವುದು ಯಾವ ಕೆಲಸವನ್ನು ಯಾರ ಪಾಲಿಗೆ ಹಾಕುತ್ತೇವೆ ಎನ್ನುವಲ್ಲಿ. ಆದ್ದರಿಂದ ವಸ್ತುಗಳ ಪಟ್ಟಿ ಬರೆಯುವ ಮುಂಚೆ ಯಾವ ಲೆಕ್ಕದಲ್ಲಿ ಅಳೆಯಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳೋಣ.

ಅಳೆಯುವುದು ಹೇಗೆ?

ನಾನು ಎಲ್ಲಕ್ಕಿಂತ ಮೊದಲು ಕೇಳುವುದು ಹಣವನ್ನಲ್ಲ, ದಿನವನ್ನು. ಈ ವಸ್ತು ಯಾವತ್ತು ಮುಗಿಯಬೇಕು? ಮೂರು ತಿಂಗಳ ಮುಂಚೆ ಮಾಡಿ ಟ್ರಂಕಿನಲ್ಲಿ ಇಡಬಹುದಾದ್ದು ಒಂದು ಜಾತಿ. ಮದುವೆಯ ಹಿಂದಿನ ರಾತ್ರಿ ಮಾತ್ರ ಮಾಡಲಾಗುವುದು ಇನ್ನೊಂದು ಜಾತಿ. ದೇವರ ಶಾಸ್ತ್ರ, ಚಪ್ಪರ, ಅರಿಶಿನ ಶಾಸ್ತ್ರ, ಬಳೆ ಶಾಸ್ತ್ರ, ದೂರದ ನೆಂಟರನ್ನು ಸ್ಟ್ಯಾಂಡಿನಿಂದ ಕರೆತರುವುದು, ಪುರೋಹಿತರು ಕೊನೆ ಗಳಿಗೆಯಲ್ಲಿ ಕೇಳುವ ದರ್ಭೆ, ಇವೆಲ್ಲ ಕೊನೆಯ ಎರಡು ದಿನದಲ್ಲೇ ಬರುತ್ತವೆ. ಆ ಎರಡು ದಿನ ಮನೆಯವರ ಕೈ ಖಾಲಿ ಇರುತ್ತದೆ ಎಂದು ಲೆಕ್ಕ ಹಾಕಿದವರು ಮುಹೂರ್ತಕ್ಕೆ ಕೆಂಪು ಕಣ್ಣಿನಲ್ಲಿ ಕೂರುತ್ತಾರೆ. ಮುಂಚೆಯೇ ಮಾಡಿಡಲು ಬರುವುದನ್ನೆಲ್ಲ ಕೈಯಿಂದ ಮಾಡಿ, ಬಾಡುವಂಥದ್ದನ್ನು ದುಡ್ಡು ಕೊಟ್ಟು ಮಾಡಿಸಿ. ನನ್ನ ಸಲಹೆಯ ಮುಕ್ಕಾಲು ಪಾಲು ಇದೇ.

ಎರಡನೆಯದು ಸಂಖ್ಯೆ. ಒಂದು ವಸ್ತು ಮಾಡಲು ಖುಷಿ, ಆರುನೂರು ಮಾಡಲು ಕೂಲಿ. ಮಾದರಿಗೆ ಒಂದನ್ನು ಗಡಿಯಾರ ಎದುರಿಗಿಟ್ಟುಕೊಂಡು ಮಾಡಿ, ಬಂದ ನಿಮಿಷವನ್ನು ಸಂಖ್ಯೆಯಿಂದ ಗುಣಿಸಿ. 400 ಆಮಂತ್ರಣಕ್ಕೆ ತಲಾ 10 ನಿಮಿಷ ಹಿಡಿದರೆ ಸುಮಾರು 67 ಗಂಟೆ. ಕೆಲಸಕ್ಕೆ ಹೋಗುವ ಇಬ್ಬರು ಶನಿವಾರ, ಭಾನುವಾರ ಮಾತ್ರ ಕೂತರೆ ಎಷ್ಟು ವಾರ ಎಂದು ನೀವೇ ನೋಡಿ.

ಮೂರನೆಯದು ಕಣ್ಣಿನ ದೂರ. ಕೈಯಲ್ಲಿ ಹಿಡಿದು ನೋಡುವ ವಸ್ತುವಿನಲ್ಲಿ ಕೈಕೆಲಸ ಕಾಣುತ್ತದೆ. ಇಪ್ಪತ್ತನೇ ಸಾಲಿನ ಕುರ್ಚಿಯಿಂದ ನೋಡುವ ಮಂಟಪದ ನೆತ್ತಿಯ ಮೇಲೆ ನೀವು ಕಾಗದದ ಹೂವು ಮಡಚಿ ಅಂಟಿಸಿದ್ದೀರೋ, ಅಂಗಡಿಯಿಂದ ತಂದಿದ್ದೀರೋ ಯಾರಿಗೂ ಗೊತ್ತಾಗದು.

ನಾಲ್ಕನೆಯದು ಕೈಗಳು. ಚಿಕ್ಕಮ್ಮ ಚೆನ್ನಾಗಿ ಹೊಲಿಯುತ್ತಾರೆ, ಅತ್ತಿಗೆ ರಂಗೋಲಿಯಲ್ಲಿ ಎತ್ತಿದ ಕೈ ಅನ್ನುವುದು ಸರಿ, ಆದರೆ ಅವರನ್ನು ಕೇಳಿದ್ದೀರಾ? ಮದುಮಗಳ ತಾಯಿಯನ್ನು ಈ ಲೆಕ್ಕದಲ್ಲಿ ಸೇರಿಸಲೇಬೇಡಿ. ಆಕೆಗೆ ಆಗ ಬೀಗರ ಫೋನ್ ಎತ್ತುವುದಕ್ಕೇ ಪುರುಸೊತ್ತು ಇರುವುದಿಲ್ಲ.

ಕೊನೆಯದು ಛತ್ರದ ನಿಯಮ. ಬಹಳ ಕಡೆ ಬಾಡಿಗೆ ಹಿಂದಿನ ದಿನದ ಮಧ್ಯಾಹ್ನದಿಂದ ಶುರು, ಕೆಲವು ಕಡೆ ಸಂಜೆ ಬೀಗದ ಕೈ. ಗೋಡೆಗೆ ಮೊಳೆ, ಟೇಪು ಬಿಡುವುದಿಲ್ಲ. ಹಲವು ಛತ್ರಗಳಿಗೆ ತಮ್ಮದೇ ಡೆಕೊರೇಟರ್ ಇರುತ್ತಾರೆ, ಹೊರಗಿನವರನ್ನು ಕರೆಸಿದರೆ ‘ರಾಯಲ್ಟಿ’ ಅಂತ ಒಂದು ಮೊತ್ತ ಕೇಳುತ್ತಾರೆ. ಮುಂಗಡ ಕೊಡುವ ಮುಂಚೆ ಇದನ್ನು ಬಾಯಿಬಿಟ್ಟು ಕೇಳಿ, ರಸೀದಿಯ ಮೇಲೆ ಬರೆಸಿಕೊಳ್ಳಿ. ಮನೆಯಂಗಳದಲ್ಲಿ ಚಪ್ಪರ ಹಾಕಿ ಮದುವೆ ಮಾಡುವವರಿಗೆ ಈ ಕಾಟವಿಲ್ಲ. ಅವರಿಗೆ ಮಳೆಯ ಚಿಂತೆ.

ಮೂರು ದಾರಿಗಳ ನಿಜವಾದ ಖರ್ಚು

ಮನೆಯಲ್ಲೇ ಮಾಡಿದರೆ ಅಗ್ಗ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಮನೆಯವರ ದುಡಿಮೆಗೆ ಬೆಲೆ ಹಾಕದಿದ್ದರೆ ಅಗ್ಗ. ಬಿಡಿಯಾಗಿ ಕೊಳ್ಳುವ ಬಟ್ಟೆ, ದಾರ, ಲೇಸು, ಹಾಳಾದ ಮೊದಲ ಹತ್ತು ತುಂಡು, ಸಾಲದೆ ಬಂದು ಮತ್ತೆ ಚಿಕ್ಕಪೇಟೆಗೆ ಓಡುವ ಆಟೋ ಬಾಡಿಗೆ, ಎಲ್ಲ ಸೇರಿದರೆ ಸಗಟು ಬೆಲೆಗೆ ಸಿಗುವ ಸಿದ್ಧ ವಸ್ತುವಿನ ಹತ್ತಿರವೇ ಬಂದು ನಿಲ್ಲುತ್ತದೆ. ಮನೆಯಲ್ಲಿ ಮಾಡುವುದಕ್ಕೆ ನಿಜವಾದ ಕಾರಣ ಬೇರೆ: ಎರಡು ತಿಂಗಳು ವಾರಕ್ಕೊಂದು ಸಂಜೆ ದೊಡ್ಡಮ್ಮ, ಅತ್ತೆಯ ಮಕ್ಕಳು, ಗೆಳತಿಯರು ಒಂದೆಡೆ ಕೂರುತ್ತಾರೆ. ಆ ಸಂಜೆಗಳು ಬೇಕೆನ್ನಿಸಿದರೆ ಮಾಡಿ, ಉಳಿತಾಯಕ್ಕೆಂದು ಮಾಡಬೇಡಿ.

ಕಸುಬಿನವರಿಂದ ಮಾಡಿಸುವ ದಾರಿಯಲ್ಲಿ ಬೆಲೆ ನಡುವಿನದು, ಕೆಲಸದ ಗುಣ ಮೂರರಲ್ಲಿ ಮೇಲು, ಆದರೆ ತಾಳ್ಮೆ ಬೇಕು. ಆಷಾಢದಲ್ಲಿ ಮದುವೆಗಳಿಲ್ಲ, ಮಗ್ಗದವರಿಗೂ ಹೊಲಿಗೆಯವರಿಗೂ ಅಷ್ಟು ಒತ್ತಡ ಇರುವುದಿಲ್ಲ. ಮಾಘ, ವೈಶಾಖದ ಮದುವೆಗೆ ಆ ಹೊತ್ತಿಗೇ ಹೇಳಿಟ್ಟರೆ ಒಳ್ಳೆಯದು. ಗೊಂಬೆ ಮಾಡುವವರ ಹತ್ತಿರ ದಸರೆಯ ಮುಂಚಿನ ವಾರಗಳಲ್ಲಿ ಹೋಗಬೇಡಿ, ಅದು ಅವರ ಹಂಗಾಮು. ಮಾದರಿಯನ್ನು ಕೈಯಲ್ಲಿ ಹಿಡಿದು ನೋಡಿ, ಬಣ್ಣ, ಅಳತೆ, ದರ, ಕೊಡುವ ದಿನ ಎಲ್ಲವನ್ನೂ ವಾಟ್ಸಾಪಿನಲ್ಲಿ ಬರಹಕ್ಕೆ ತನ್ನಿ. ಬೇಕಾದ್ದಕ್ಕಿಂತ ನೂರಕ್ಕೆ ಹತ್ತು ಹೆಚ್ಚು ಹೇಳಿ. ಮದುವೆಗೆ ಮೂರು ವಾರ ಮೊದಲಿನ ದಿನವನ್ನೇ ಕೊನೆಯ ದಿನ ಎಂದು ಹೇಳಿ. ಕೈಕೆಲಸ ಎಂದ ಮೇಲೆ ಮಗ್ಗದ ಮನೆಯಲ್ಲೂ ಜ್ವರ, ಹಬ್ಬ, ಕರೆಂಟು ಎಲ್ಲ ಇರುತ್ತವೆ. ದೂರದ ಊರಿಗೆ ಹೋಗಲಾಗದವರಿಗೆ ರಾಜ್ಯ ಕರಕುಶಲ ನಿಗಮದ ಕಾವೇರಿ ಮಳಿಗೆ, ಕೈಮಗ್ಗ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ. ನಿಮ್ಮ ಹೆಸರು, ನಿಮ್ಮ ಬಣ್ಣ ಬೇಕೆಂದರೆ ಮಾತ್ರ ಮಾಡುವವರನ್ನೇ ಹುಡುಕಬೇಕು.

ಡೆಕೊರೇಟರ್ ದಾರಿಯನ್ನು ಹೀಗಳೆಯುವುದು ಈಗ ಫ್ಯಾಷನ್. ನನಗೆ ಅದು ಒಪ್ಪಿಗೆಯಿಲ್ಲ. ರಾತ್ರಿ ಹತ್ತಕ್ಕೆ ಏಣಿ ಹತ್ತಿ ಬೆಳಗಿನ ಜಾವ ನಾಲ್ಕಕ್ಕೆ ಇಳಿಯುವ ಕೆಲಸ ಅವರದ್ದು, ಅದು ನಿಮ್ಮ ತಮ್ಮನ ಗೆಳೆಯರಿಂದ ಆಗುವಂಥದ್ದಲ್ಲ. ತಕರಾರು ಇರುವುದು ‘ಹ್ಯಾಂಡ್‌ಮೇಡ್’ ಹೆಸರಿನ ಪ್ಯಾಕೇಜಿನಲ್ಲಿ. ಅದರಲ್ಲಿ ಯಾವುದು ಬಾಡಿಗೆಗೆ ಬಂದು ವಾಪಸ್ ಹೋಗುವಂಥದ್ದು, ಯಾವುದು ನಿಮಗಾಗಿಯೇ ಮಾಡಿದ್ದು ಎಂದು ಒಂದೊಂದಾಗಿ ಬಿಡಿಸಿ ಕೇಳಿ. ಎಲ್ಲವೂ ಬಾಡಿಗೆಯದಾದರೆ ನೀವು ಕೊಡುತ್ತಿರುವುದು ಕಟ್ಟುವ ಕೂಲಿ, ಹೆಚ್ಚಿನ ದರಕ್ಕೆ ಅರ್ಥವಿಲ್ಲ.

ಲಗ್ನಪತ್ರಿಕೆ

ಆಮಂತ್ರಣ ತಿಂಗಳುಗಟ್ಟಲೆ ಮುಂಚೆ ಆಗುವ ಕೆಲಸ, ಕೈಯಲ್ಲಿ ಹಿಡಿದು ನೋಡುವ ವಸ್ತು. ನಮ್ಮ ಅಳತೆಯಲ್ಲಿ ಎರಡು ಅಂಕ ಸಿಕ್ಕಿತು, ಸಂಖ್ಯೆಯಲ್ಲಿ ಸೋಲುತ್ತದೆ. ದಾರಿ ಸುಲಭ: ಅರಿಶಿನ ಕುಂಕುಮ ಹಿಡಿದು ಮನೆಗೇ ಹೋಗಿ ಕರೆಯಬೇಕಾದ ನಲವತ್ತೋ ಐವತ್ತೋ ಮನೆಗಳಿಗೆ ಕೈಯಿಂದ ಮಾಡಿದ ಪತ್ರಿಕೆ, ಮಿಕ್ಕವರಿಗೆ ಸಾದಾ ಮುದ್ರಣ ಅಥವಾ ಮೊಬೈಲ್ ಆಮಂತ್ರಣ. ಈಗ ಹೇಗೂ ಹೆಚ್ಚಿನವರು ಮೊಬೈಲಿನಲ್ಲಿ ಬಂದದ್ದನ್ನೇ ನೋಡಿ ದಾರಿ ಹುಡುಕಿಕೊಂಡು ಬರುತ್ತಾರೆ.

ಕೈಕಾಗದ ಆರಿಸುವವರು ಎರಡು ಸಂಗತಿ ನೋಡಬೇಕು. ಅದರ ಒರಟು ಮೈ ಶಾಯಿಯನ್ನು ಹೀರಿಕೊಳ್ಳುತ್ತದೆ, ಸಣ್ಣ ಅಕ್ಷರದ ಒತ್ತು, ದೀರ್ಘಗಳು ಕಲೆಸಿಹೋಗುತ್ತವೆ. ಇದಕ್ಕೆ ಸ್ಕ್ರೀನ್ ಪ್ರಿಂಟಿಂಗ್ ಹೊಂದುತ್ತದೆ, ಅಕ್ಷರವನ್ನು ದಪ್ಪಗೆ ಇಡಿ. ಬೆಂಗಳೂರಿನ ಸುಲ್ತಾನ್‌ಪೇಟೆಯ ಪತ್ರಿಕೆ ಅಂಗಡಿಗಳಲ್ಲಿ ಹೀಗೆ ಮಾಡಿಕೊಡುವವರು ಸಿಗುತ್ತಾರೆ. ಇನ್ನೊಂದು, ಮೂಲೆಗೆ ಹಚ್ಚುವ ಅರಿಶಿನ ಕಡುನೀಲಿ, ಕಂದು ಕಾಗದದ ಮೇಲೆ ಕಾಣುವುದೇ ಇಲ್ಲ. ಅಜ್ಜಿ ಅದನ್ನು ಗಮನಿಸುತ್ತಾರೆ. ತಿಳಿ ಬಣ್ಣವೇ ಇರಲಿ. ಬೀಜ ಸೇರಿಸಿದ ಕಾಗದ ಕೊಡುವ ಆಸೆಯಿದ್ದರೆ ಊರಿನವರಿಗೆ ಕೊಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ನೆಂಟರಿಗೆ ಅಂಚೆಯಲ್ಲಿ ಕಳಿಸಬೇಡಿ, ಬೀಜ, ಗಿಡದ ವಸ್ತುಗಳ ಬಗ್ಗೆ ಅಲ್ಲಿನ ತಪಾಸಣೆ ಬಹಳ ಬಿಗಿ.

ಕಾಸಿಲ್ಲದೆ ಪತ್ರಿಕೆಯನ್ನು ನಿಮ್ಮದಾಗಿಸುವ ದಾರಿ ಒಂದಿದೆ, ಅದನ್ನು ಯಾರೂ ಬಳಸುವುದಿಲ್ಲ. ಅಂಗಡಿಯವರ ಕಂಪ್ಯೂಟರಿನಲ್ಲಿರುವ ಒಕ್ಕಣೆ ಬಿಟ್ಟು, ಕರೆಯುವ ಎರಡು ಸಾಲನ್ನು ಮನೆಮಾತಿನಲ್ಲಿ ಬರೆಯಿರಿ. ಧಾರವಾಡದ ಕಡೆಯವರು ತಮ್ಮ ಮಾತಿನಲ್ಲಿ, ಕುಂದಾಪುರದವರು ತಮ್ಮ ಮಾತಿನಲ್ಲಿ. ಮುಹೂರ್ತ, ಸ್ಥಳ, ಹಿರಿಯರ ಹೆಸರುಗಳು ಶಿಷ್ಟ ರೀತಿಯಲ್ಲೇ ಇರಲಿ, ಅಲ್ಲಿ ಪ್ರಯೋಗ ಮಾಡಿದರೆ ‘ಸುಖಾಗಮನ ಬಯಸುವವರು’ ಪಟ್ಟಿಯಿಂದಲೇ ಜಗಳ ಏಳುತ್ತದೆ.

ಅಂತರಪಟ, ಹಸೆ, ಬಾಸಿಂಗ

ನನ್ನನ್ನು ಕೇಳಿದರೆ ಮನೆಯ ಕೈಕೆಲಸವೆಲ್ಲ ಇಲ್ಲಿಗೆ ಬರಬೇಕು. ಇವು ಒಂದೊಂದೇ ಬೇಕಾದ ವಸ್ತುಗಳು, ಮೊದಲೇ ಮಾಡಿಡಬಹುದು, ಮುಹೂರ್ತದ ಹೊತ್ತಿಗೆ ಎಲ್ಲರ ಕಣ್ಣೂ ಅಲ್ಲೇ ಇರುತ್ತದೆ, ಮದುವೆ ಮುಗಿದ ಮೇಲೂ ಮನೆಯಲ್ಲಿ ಉಳಿಯುತ್ತವೆ. ಇಷ್ಟಾದರೂ ಬಹಳ ಮನೆಗಳಲ್ಲಿ ಅಂತರಪಟ ಎಂದರೆ ಪುರೋಹಿತರು ಚೀಲದಿಂದ ತೆಗೆಯುವ ಹಳೇ ಶಲ್ಯ.

ಅಂತರಪಟಕ್ಕೆ ಕಸೂತಿಗಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳು. ಮೊದಲೆರಡರಲ್ಲಿ ಸೂಜಿ ಹೋದ ದಾರಿಯಲ್ಲೇ ಹಿಂದಿರುಗಿ ಖಾಲಿ ಬಿಟ್ಟ ಜಾಗವನ್ನು ತುಂಬುತ್ತದೆ, ದಾರಕ್ಕೆ ಗಂಟು ಹಾಕುವುದಿಲ್ಲ, ಹಾಗಾಗಿ ಬಟ್ಟೆಯ ಎರಡೂ ಮೈ ಒಂದೇ ಥರ ಕಾಣುತ್ತದೆ. ಈಚೆ ನಿಂತ ಹುಡುಗಿಗೂ ಆಚೆ ನಿಂತ ಹುಡುಗನಿಗೂ ಅದೇ ತೇರು, ಅದೇ ಗೋಪುರ, ಅದೇ ತುಳಸಿಕಟ್ಟೆ. ನೇಗಿ, ಮೆಂತಿ ಹಾಕಿದರೆ ಒಬ್ಬರ ಪಾಲಿಗೆ ಬಟ್ಟೆಯ ಹಿಂಬದಿ ಬರುತ್ತದೆ, ಇಲ್ಲಿಗೆ ಅವು ಬೇಡ. ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ಒಂದೇ ಸಮ ನೇಯ್ದ ಹತ್ತಿ ಬಟ್ಟೆ ಬೇಕು. ಜಾರುವ ಸ್ಯಾಟಿನ್ ತಂದು ಕಣ್ಣು ಹಾಳುಮಾಡಿಕೊಳ್ಳಬೇಡಿ. ಪೂರಾ ಬಟ್ಟೆ ತುಂಬಿಸುವ ಹಟವೂ ಬೇಡ, ನಾಲ್ಕು ಮೂಲೆ ಮತ್ತು ಕೆಳ ಅಂಚು ಸಾಕು. ನಡುವಿನ ಜಾಗ ಖಾಲಿ ಬಿಡಿ, ಅಲ್ಲಿ ಕುಂಕುಮದಲ್ಲಿ ಸ್ವಸ್ತಿಕ ಬರೆಯುತ್ತಾರೆ. ಮನೆಯಲ್ಲಿ ಸೂಜಿ ಹಿಡಿಯುವವರು ಒಬ್ಬರೂ ಇಲ್ಲವಾದರೆ ಹುಬ್ಬಳ್ಳಿ, ಧಾರವಾಡದಲ್ಲಿ ಕಸೂತಿ ಮಾಡಿಕೊಡುವ ಹೆಣ್ಣುಮಕ್ಕಳಿದ್ದಾರೆ. ಯಂತ್ರದ ಕಸೂತಿ ಅಗ್ಗಕ್ಕೆ ಸಿಗುತ್ತದೆ, ಬಟ್ಟೆ ತಿರುಗಿಸಿ ನೋಡಿದ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ.

ಹಸೆಗೆ ಮಲೆನಾಡಿನವರ ಮುಂದೆ ಆಯ್ಕೆಗಳು ಹೆಚ್ಚು. ಶಿವಮೊಗ್ಗ, ಉತ್ತರ ಕನ್ನಡದ ದೀವರ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರುಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಛತ್ರದ ಗೋಡೆಗೆ ಇದನ್ನು ಬರೆಯಲು ಬಿಡುವುದಿಲ್ಲ, ಅದಕ್ಕೆ ದಪ್ಪ ಬಟ್ಟೆ ಅಥವಾ ಹಲಗೆಯ ಮೇಲೆ ಬರೆಸಿ ಹಸೆಮಣೆಯ ಹಿಂದೆ ನಿಲ್ಲಿಸಬಹುದು. ಇಲ್ಲಿ ಮೂರು ಬಗೆ ನೋಡಿದ್ದೇನೆ. ಸಾಗರದ ಕಡೆಯ ಕಲಾವಿದೆಯರಿಂದ ಬರೆಸಿದ್ದು, ಮನೆಯ ಹುಡುಗಿಯರು ಫೋಟೊ ನೋಡಿ ಅಕ್ರಿಲಿಕ್‌ನಲ್ಲಿ ಬರೆದದ್ದು, ಚಿತ್ತಾರದ ಫೋಟೊವನ್ನೇ ಹಿಗ್ಗಿಸಿ ಫ್ಲೆಕ್ಸ್ ಹೊಡೆಸಿದ್ದು. ಮೊದಲನೆಯದಕ್ಕೆ ಖರ್ಚು ಹೆಚ್ಚು, ಆದರೆ ಗೆರೆಯ ಹಿಡಿತವೇ ಬೇರೆ, ಮದುವೆಗೆ ಯಾವ ಚಿತ್ರ ಸಲ್ಲುತ್ತದೆ ಎಂಬುದು ಅವರಿಗೆ ಗೊತ್ತು. ಎರಡನೆಯದು ಅಂಕುಡೊಂಕಾಗಿದ್ದರೂ ಮನೆಯದು, ನನಗೆ ಇಷ್ಟವೇ. ಮೂರನೆಯದಕ್ಕಿಂತ ಬರೀ ಎರಡು ಬಾಳೆಕಂದು ನಿಲ್ಲಿಸುವುದು ಲೇಸು. ಜೊತೆಗೆ, ಫ್ಲೆಕ್ಸ್, ಥರ್ಮಾಕೋಲ್, ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧವಿದೆ.

ಬಾಸಿಂಗಕ್ಕೆ ಬೆಂಡಿನದನ್ನು ವಿಚಾರಿಸಿ. ಸಾಗರ, ಶಿರಸಿ ಸುತ್ತಿನ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು, ಬೆಂಡಿನ ಬಾಸಿಂಗ, ಹಾರಗಳೂ ಅವರ ಕಸುಬು. ಹಗುರ, ಹಣೆಗೆ ಭಾರವಾಗದು, ಬಾಡದು. ಒದ್ದೆ ಮಾಡದೆ, ಮೇಲೆ ಭಾರ ಇಡದೆ ಡಬ್ಬಿಯಲ್ಲಿ ತಂದರೆ ಆಯಿತು.

ಇದೇ ಸಾಲಿಗೆ ಸೇರುವ ಇನ್ನೊಂದು ಕೆತ್ತಿದ ಕೊಬ್ಬರಿ ಬಟ್ಟಲು. ಹಿಂದಿನ ತಲೆಮಾರಿನ ಹೆಂಗಸರು ಒಣಕೊಬ್ಬರಿಯ ಹೊರಮೈ ಹೆರೆದು, ಹೂಬಳ್ಳಿ ಕೊರೆದು, ಬಣ್ಣ ತುಂಬಿ ಫಲದ ತಟ್ಟೆಯಲ್ಲಿ ಜೋಡಿಸುತ್ತಿದ್ದರು. ತಿಪಟೂರಿನ ಕಡೆ ನೆಂಟರಿದ್ದರೆ ಒಳ್ಳೆಯ ಗಟ್ಟಿ ಕೊಬ್ಬರಿ ತರಿಸಿ. ಹನ್ನೊಂದೋ ಇಪ್ಪತ್ತೊಂದೋ ಸಾಕಾದ್ದರಿಂದ ಮನೆಯಲ್ಲಿ ಕೂತು ಮಾಡುವವರಿಗೆ ಹೇಳಿ ಮಾಡಿಸಿದ ಕೆಲಸ.

ಹೂವು

ಇಲ್ಲಿ ಮಾತು ಚಿಕ್ಕದು: ಮನೆಯವರು ಕೈ ಹಾಕಬೇಡಿ. ಮೊಗ್ಗಿನ ಜಡೆಯನ್ನೇ ನೋಡಿ. ಅರಳದ ಮಲ್ಲಿಗೆ ಮೊಗ್ಗುಗಳನ್ನು ಒಂದೇ ಅಳತೆಯದಾಗಿ ಆರಿಸಿ, ಪಟ್ಟಿಯ ಮೇಲೆ ಒತ್ತೊತ್ತಾಗಿ ಪೋಣಿಸಿ ಹೊಲಿಯಬೇಕು, ಅದೂ ಮೊಗ್ಗು ಬಿರಿಯುವ ಮುಂಚೆ. ಈ ಕೆಲಸ ಬರುವ ಅತ್ತೆಯೊಬ್ಬರು ಮನೆಯಲ್ಲಿದ್ದು, ಅವರಿಗೆ ಅವತ್ತು ಬೇರೆ ಯಾವ ಜವಾಬ್ದಾರಿಯೂ ಇಲ್ಲವಾದರೆ ಸರಿ. ಇಲ್ಲವಾದರೆ ಜಡೆ ಕಟ್ಟುವವರಿಗೆ ಹೇಳಿ.

ಕರಾವಳಿಯವರಿಗೆ ಶಂಕರಪುರದ ಮಲ್ಲಿಗೆ ಇಲ್ಲದೆ ಮದುವೆಯಿಲ್ಲ. ಬಾಳೆನಾರಿನಲ್ಲಿ ಕಟ್ಟಿದ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೂ ಬದಲು, ಮುಹೂರ್ತ ಹೆಚ್ಚಿರುವ ದಿನ ಏರುತ್ತದೆ. ಆದ್ದರಿಂದ ಬಜೆಟ್ಟಿನಲ್ಲಿ ಹೂವಿನ ಸಾಲಿಗೆ ಮಾತ್ರ ಸಡಿಲ ಬಿಡಿ. ಮೈಸೂರು, ಬೆಂಗಳೂರಿನಲ್ಲಿ ಡೆಕೊರೇಟರ್ ಮೂಲಕ ಹಾರ ತರಿಸುವುದಕ್ಕೂ ದೇವರಾಜ ಮಾರುಕಟ್ಟೆ, ಕೆ.ಆರ್. ಮಾರ್ಕೆಟ್ಟಿನ ಹಾರದವರಿಗೆ ನೇರ ಹೇಳುವುದಕ್ಕೂ ದರದಲ್ಲಿ ಅಂತರವಿದೆ, ಆದರೆ ಬೆಳಗಿನ ಜಾವ ಹೋಗಿ ತರುವವರು ಬೇಕು. ಬೈಕಿನಲ್ಲಿ ಹಾರ ತರುವ ತಮ್ಮ ಒಬ್ಬನಿದ್ದರೆ ನೇರ ಹೇಳಿ.

ಮಂಟಪದ ವಿಷಯದಲ್ಲಿ ನಡುದಾರಿಯೇ ನನಗೆ ಸರಿ ಕಾಣುತ್ತದೆ: ಚೌಕಟ್ಟು, ದೀಪ, ಏಣಿಯ ಕೆಲಸ ಡೆಕೊರೇಟರ್‌ದು. ಅಂತರಪಟ, ಹಸೆ, ಫಲದ ತಟ್ಟೆ ನಿಮ್ಮದು. ತಗಡಿನ ತೋರಣದ ಬದಲು ಮಾವಿನೆಲೆ, ಅಡಿಕೆ ಹಿಂಗಾರ, ತೆಂಗಿನ ಎಳೆಗರಿ ಕೇಳಿ. ಊರಿನ ತೋಟದಿಂದ ನೀವೇ ತರುವುದಾದರೆ ಅಷ್ಟನ್ನು ದರದಲ್ಲಿ ಕಳೆಯಲು ಮೊದಲೇ ಮಾತಾಡಿ.

ತಾಂಬೂಲ

ಅತಿ ಹೆಚ್ಚು ಚರ್ಚೆ, ಅತಿ ಹೆಚ್ಚು ಖರ್ಚು ಇಲ್ಲೇ. ಸಂಖ್ಯೆ ದೊಡ್ಡದಾದ್ದರಿಂದ ಒಂದಕ್ಕೆ 60 ರೂಪಾಯಿ ಹೆಚ್ಚಾದರೆ 600 ಜನಕ್ಕೆ 36,000. ಹಾಗಾಗಿ ‘ಎಷ್ಟು ಚೆಂದ’ ಎನ್ನುವ ಮುಂಚೆ ಗುಣಿಸಿ.

ಖಣದ ಚೀಲ ಈಗ ಎಲ್ಲರ ಮೆಚ್ಚಿನದು. ಗುಳೇದಗುಡ್ಡದ ಖಣದ ಬಣ್ಣ, ಅಂಚು ಸಣ್ಣ ಚೀಲದಲ್ಲೂ ಎದ್ದು ಕಾಣುತ್ತದೆ, ಪಡೆದವರು ಆಮೇಲೂ ಬಳಸುತ್ತಾರೆ. ಕೈಮಗ್ಗದ ಖಣಕ್ಕೂ ಪವರ್‌ಲೂಮ್ ಖಣಕ್ಕೂ ಬೆಲೆಯಲ್ಲಿ ದೊಡ್ಡ ಅಂತರ. ದೊಡ್ಡ ಸಂಖ್ಯೆಗೆ ಪವರ್‌ಲೂಮ್ ತೆಗೆದುಕೊಂಡರೆ ತಪ್ಪಿಲ್ಲ, ಕೈಮಗ್ಗದ್ದು ಎಂದು ಹೇಳಿಕೊಳ್ಳದಿದ್ದರೆ ಆಯಿತು. ಮನೆಯಲ್ಲೇ ಹೊಲಿಯುವುದಾದರೆ ಒಂದಕ್ಕೆ 5 ನಿಮಿಷ ಹಿಡಿದರೂ 600ಕ್ಕೆ 50 ಗಂಟೆ, ಅದೂ ಮಿಷನ್ ಮುಂದೆ ಅಭ್ಯಾಸ ಇರುವವರಿಗೆ. ನನ್ನ ಪ್ರಕಾರ ಇದನ್ನು ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಕೊಡುವುದು ಸರಿ. ಹಿಡಿಕೆಯ ಹೊಲಿಗೆಯನ್ನು ಮಾತ್ರ ಖುದ್ದು ಪರೀಕ್ಷಿಸಿ: ಮಾದರಿ ಚೀಲದಲ್ಲಿ ಸಿಪ್ಪೆ ಸುಲಿದ ತೆಂಗಿನಕಾಯಿ ಹಾಕಿ ಒಂದು ರಾತ್ರಿ ಮೊಳೆಗೆ ನೇತುಹಾಕಿ. ಬೆಳಗ್ಗೆ ಚೀಲ ಮೊಳೆಯ ಮೇಲೇ ಇದ್ದರೆ ಆರ್ಡರ್ ಕೊಡಿ. ವೀಳ್ಯದೆಲೆಯನ್ನು ಹಾಗೇ ಒಳಗಿಟ್ಟರೆ ನೀರು ಬಿಟ್ಟು ಬಟ್ಟೆಗೆ ಕಲೆ ಹತ್ತುತ್ತದೆ. ಬಾಳೆ ಎಲೆಯ ತುಂಡಿನಲ್ಲಿ ಸುತ್ತಿಡಿ.

ಚನ್ನಪಟ್ಟಣದ ಕುಂಕುಮ ಭರಣಿ ಇನ್ನೊಂದು ಒಳ್ಳೆಯ ಆಯ್ಕೆ. ಹಗುರವಾದ ಹಾಲೆ ಮರವನ್ನು ಚರಕಿಗೆ ಹಾಕಿ ತಿರುಗಿಸುತ್ತ, ಅರಗಿನ ಬಣ್ಣದ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ತಾಳೆಗರಿಯಿಂದ ಹೊಳಪು. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 60 ಕಿ.ಮೀ., ಒಂದು ಭಾನುವಾರ ಸಾಕು. ನೋಡಬೇಕಾದ್ದು ಮುಚ್ಚಳ: ತಿರುಗಿಸಿ ಹಾಕಿದರೆ ಬಿಗಿಯಾಗಿ ಕೂರಬೇಕು, ಸಡಿಲವಿದ್ದರೆ ಚೀಲದ ತುಂಬ ಕುಂಕುಮ. ಭರಣಿ ಖಾಲಿ ಕೊಡಿ, ಕುಂಕುಮ ಪ್ರತ್ಯೇಕ ಪೊಟ್ಟಣದಲ್ಲಿ. ಮದುವೆಯ ದಿನಾಂಕ, ಹೆಸರು ಕೊರೆಸುವ ಆಸೆ ಹಲವರಿಗೆ. ಬೇಡ ಎನ್ನುತ್ತೇನೆ. ಬೇರೆಯವರ ಮದುವೆಯ ತಾರೀಕು ಬರೆದ ಭರಣಿಯನ್ನು ದೇವರ ಮನೆಯಲ್ಲಿ ಯಾರು ಇಡುತ್ತಾರೆ?

ತಿಂಡಿ ಕೊಡುವುದಾದರೆ, ಮನೆಯಲ್ಲಿ ಕರಿದ ಚಕ್ಕುಲಿಗಿಂತ ಅಪ್ಪೆಮಿಡಿ ಉಪ್ಪಿನಕಾಯಿ, ಕೊಬ್ಬರಿ ಚಟ್ನಿಪುಡಿ ಲೇಸು. ತಿಂಗಳ ಮುಂಚೆ ಮಾಡಿಡಬಹುದು. ಉಪ್ಪಿನಕಾಯಿಗೆ ಗಾಜಿನ ಬಾಟಲಿ ಚೆಂದ, ಆದರೆ ಬಸ್ಸಿನಲ್ಲಿ ಹೋಗುವವರೇ ಹೆಚ್ಚು ಎಂದಾದರೆ ಪುಡಿಯೇ ವಾಸಿ. ಸಸಿ ಕೊಡುವ ಆಲೋಚನೆ ಒಳ್ಳೆಯದಾದರೂ ಅಪಾರ್ಟ್‌ಮೆಂಟಿನ ನೆಂಟರಿಗೆ ಮಾವಿನ ಸಸಿ ಕೊಟ್ಟು ಪ್ರಯೋಜನವಿಲ್ಲ, ತುಳಸಿ, ದೊಡ್ಡಪತ್ರೆ ಕೊಡಿ.

ಬೀದರಿನ ಬಿದ್ರಿ, ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರ ಗೊಂಬೆ, ಸಂಡೂರಿನ ಲಂಬಾಣಿ ಕಸೂತಿ, ಇವು ಎಲ್ಲರಿಗೂ ಹಂಚುವಂಥವಲ್ಲ. ಹತ್ತಿಪ್ಪತ್ತು ಜನ ಆಪ್ತರಿಗೆ ಸರಿ. ಒಂದು ಎಚ್ಚರಿಕೆ: ಆ ವಿಶೇಷ ಉಡುಗೊರೆಯನ್ನು ಛತ್ರದಲ್ಲಿ ಕೊಡಬೇಡಿ. ‘ಅವರಿಗೆ ಅದು, ನಮಗೆ ಇದು’ ಎನ್ನುವ ಮಾತು ಬೀಗರ ಊಟದವರೆಗೂ ಎಳೆಯುತ್ತದೆ. ಮದುವೆಯ ನಂತರ ಅವರವರ ಮನೆಗೆ ಹೋದಾಗ ಕೊಡಿ.

ಸೀರೆ ಬಗ್ಗೆ ಎರಡೇ ಮಾತು. ಇಳಕಲ್ಲಾಗಲಿ ಮೊಳಕಾಲ್ಮೂರಾಗಲಿ, ನಿಮ್ಮ ಬಣ್ಣ ಹೇಳಿ ನೇಯಿಸುವುದಾದರೆ ತಿಂಗಳುಗಳ ಮುಂಚೆ ಹೇಳಿ, ಇಲ್ಲವೇ ಮಗ್ಗದಿಂದ ಇಳಿದದ್ದರಲ್ಲೇ ಆರಿಸಿ. ಧಾರೆಗೆ ಹಿರಿಯರು ಹೇಳಿದ ಸೀರೆ ಇರಲಿ, ನಿಮ್ಮ ಆಸೆಯದು ಆರತಕ್ಷತೆಗೆ. ಮಗ್ಗದ ಸೀರೆಗೆ ದುಡ್ಡು ಸಾಲದಿದ್ದರೆ ರವಿಕೆಗೆ ಮಾತ್ರ ಕೈಕೆಲಸ ಮಾಡಿಸಿ, ಫೋಟೊದಲ್ಲಿ ಕಾಣುವುದು ಅದೇ.

ಯಾರಿಗೆ ಯಾವುದು?

ನೂರರ ಒಳಗಿನ ಮದುವೆಯಾದರೆ ಮನೆಯ ದಾರಿ ಹಿಡಿಯಬಹುದು, ಪತ್ರಿಕೆಯಿಂದ ತಾಂಬೂಲದವರೆಗೆ. ಮಂತ್ರಮಾಂಗಲ್ಯದ ಪದ್ಧತಿ ಆರಿಸುವವರಿಗೆ ಇದು ಇನ್ನೂ ಸುಲಭ. ಕುವೆಂಪು ರೂಪಿಸಿದ ಈ ಸರಳ ರೀತಿಯಲ್ಲೇ 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ನಡೆದದ್ದು. ಆಡಂಬರವೇ ಇಲ್ಲದ ಕಡೆ ಕೈಯಿಂದ ಮಾಡಿದ ಒಂದು ಹಾರವೂ ತೂಕದ್ದಾಗುತ್ತದೆ. ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸುವವರು 30 ದಿನದ ನೋಟಿಸ್ ಅವಧಿ ಮತ್ತು ಮೂವರು ಸಾಕ್ಷಿಗಳನ್ನು ಮರೆಯದೆ ದಿನ ಗೊತ್ತುಮಾಡಿ.

ಆರುನೂರು, ಸಾವಿರ ಜನ ಬರುವ ಮದುವೆಯಲ್ಲಿ ಮನೆಯ ಕೈಕೆಲಸವನ್ನು ಹಸೆಯ ಸುತ್ತ ಮಾತ್ರ ಇಡಿ, ತಾಂಬೂಲ ಕಸುಬಿನವರಿಂದ, ಉಳಿದದ್ದೆಲ್ಲ ಡೆಕೊರೇಟರ್. ಹಣ ಬಿಗಿಯಿದ್ದರೆ ಮೊದಲು ಕತ್ತರಿ ಹಾಕಬೇಕಾದ್ದು ಮಂಟಪದ ಗಾತ್ರಕ್ಕೆ, ತಾಂಬೂಲಕ್ಕಲ್ಲ. ಅಮೆರಿಕ, ಜರ್ಮನಿಯಲ್ಲಿದ್ದು ಮದುವೆಗೆ ಹದಿನೈದು ದಿನ ಮುಂಚೆ ಊರಿಗೆ ಬರುವ ಜೋಡಿಗಳು ದೂರದಿಂದಲೇ ಇಪ್ಪತ್ತು ಕಡೆ ಆರ್ಡರ್ ಕೊಡಲು ಹೋಗಬೇಡಿ. ಊರಲ್ಲಿರುವ ಅಕ್ಕನೋ ಭಾವನೋ ಒಬ್ಬರ ಕೈಗೆ ಹಣ ಮತ್ತು ತೀರ್ಮಾನ ಎರಡನ್ನೂ ಕೊಡಿ. ಅಂತರಪಟದ ಕಸೂತಿಯನ್ನು ಮಾತ್ರ ನೀವಿರುವಲ್ಲೇ ಕೂತು ಹಾಕಿ, ಮಡಚಿದರೆ ಸೂಟ್‌ಕೇಸಿನಲ್ಲಿ ಅಂಗೈ ಅಗಲದ ಜಾಗ ಸಾಕು.

ಮದುವೆಗೆ ಇನ್ನು ಒಂದೇ ತಿಂಗಳು ಉಳಿದಿದೆ ಎನ್ನುವವರು ಹೊಸದಾಗಿ ಯಾವುದನ್ನೂ ನೇಯಿಸುವ, ಕೆತ್ತಿಸುವ ಗೋಜಿಗೆ ಹೋಗಬೇಡಿ. ಈ ವಾರ ಪತ್ರಿಕೆಯ ಒಕ್ಕಣೆ ಬರೆದು ಮುದ್ರಣಕ್ಕೆ ಕೊಡಿ, ಮುಂದಿನ ವಾರ ಚನ್ನಪಟ್ಟಣಕ್ಕೋ ಕಾವೇರಿ ಮಳಿಗೆಗೋ ಹೋಗಿ ಸಿದ್ಧವಿರುವುದರಲ್ಲಿ ತಾಂಬೂಲದ ವಸ್ತು ಆರಿಸಿ. ಅಂತರಪಟಕ್ಕೆ ಅಜ್ಜಿಯ ಅಥವಾ ಅಮ್ಮನ ಧಾರೆ ಸೀರೆಯ ಸೆರಗು ಇದೆಯೇ ಎಂದು ಬೀರು ತೆಗೆದು ನೋಡಿ. ಜರಿ ಹರಿದಿದ್ದರೆ ಹಿಂದೆ ತೆಳು ಹತ್ತಿಬಟ್ಟೆ ಕೊಟ್ಟು ಅಂಚು ಹೊಲಿಸಿ, ದರ್ಜಿಗೆ ಅದು ಒಂದು ಮಧ್ಯಾಹ್ನದ ಕೆಲಸ.